ಜಾಡಿಯಿಂದ ಹನಿಗೆ

ಕೊಟ್ಟಿಗೆಹಾರದ ಹತ್ತಿರ, ಬಿಳಿ ದೊರೆಯ ಎಸ್ಟೇಟ್ ಆಸ್ಪತ್ರೆಯಲ್ಲಿ ಒಬ್ಬ ಕಂಪೌಂಡರ್ ಇದ್ದರು. ಜ್ವರದ ಮದ್ದು ಅವರಿಗೆ ಗ್ಯಾಲನ್ ಜಾಡಿಯಲ್ಲಿ ಬರುತ್ತಿತ್ತು. ಅವರು ಕೊಡುತ್ತಿದ್ದುದು ಹನಿಯಲ್ಲಿ. ಹನಿ ಬಿಡುವಾಗ ಗಾಳಿಗೆ ಅದು ಅಲುಗದಂತೆ ಕಿಟಕಿ ಮುಚ್ಚಿ ಉಸಿರು ಹಿಡಿಯುತ್ತಿದ್ದರು. ನೋಡುತ್ತಿದ್ದವರೂ ಹಿಡಿಯುತ್ತಿದ್ದರು.

ನನಗೆ ಐದು ವರ್ಷವಿದ್ದಾಗ ಚಳಿಜ್ವರ ಬಂತು. ಮಂಪರಿನಲ್ಲಿ ಅವರ ಎಂದಿನ ಪಿಸುಮಾತು ಜೋಗುಳದಂತೆ ಕೇಳುತ್ತಿತ್ತು: “ಗ್ಯಾಲನ್ನಿಗೆ ನೂರರವತ್ತು ಔನ್ಸು, ಔನ್ಸಿಗೆ ನಾನೂರೆಂಬತ್ತು ಹನಿ.” ಆ ಹನಿಗಳ ನಡುವೆ ನಾನೂ ಎಲ್ಲೋ ತೇಲುತ್ತಿದ್ದೆ.

ಮೂರನೆಯ ದಿನ ಅಜ್ಜಿಗೆ ತಾಳ್ಮೆ ತಪ್ಪಿತು. “ಜಾಡಿ ತುಂಬ ಇಟ್ಕೊಂಡು ಎರಡೇ ಹನಿ ಕೊಡ್ತೀರಲ್ಲ ಮಾರಾಯ್ರೇ! ಒಂದು ಚಮಚ ಹಾಕಿ.”

“ಎರಡು ಹನಿ ಆದ್ರೆ ಮದ್ದು ಅಮ್ಮ,” ಎಂದರು ಅವರು ಮೆಲ್ಲಗೆ. “ಚಮಚ ಆದ್ರೆ ವಿಷ.”

ಅಜ್ಜಿ ನನ್ನ ಪಾದ ಹಿಡಿದು ಕೂತಳು.

ಜ್ವರ ಬಿಟ್ಟ ದಿನ ಕಂಪೌಂಡರ್ ನನ್ನನ್ನು ಎತ್ತಿಕೊಂಡು ಜಾಡಿಯ ಮುಂದೆ ನಿಂತರು. “ಕಮ್ಮಿ ಆಗಿದ್ಯಾ ನೋಡು.”

“ಇಲ್ಲ. ತುಂಬಾನೇ ಇದೆ.”

“ಆಗಿದೆ,” ಎಂದು ನನ್ನನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡರು. “ಕಮ್ಮಿ ಆದದ್ದೇ ಈಗ ನನ್ನ ತೋಳಲ್ಲಿ ಇಷ್ಟು ಭಾರ ಇರೋದು.”