ಹದಿಮೂರು ಮಿಲಿಯ ಗೋಲಿ

ಇಂಜಿನ್ನಿನ ರಬ್ಬರ್ ಕೊಳವೆ ಮಾರುವ ನಮ್ಮ ಅತ್ತಿಗೆಯ ಅಂಗಡಿಗೆ ಬಂದು "ಒಂದು ಹೋಸ್ ಕೊಡಿ" ಎಂದಷ್ಟೇ ಕೇಳಿದವರ ಕಥೆ ಮುಗಿದಂತೆ. ಯಾವ ಇಂಜಿನ್ನು, ಒಳಗೆ ಓಡುವುದು ಎಣ್ಣೆಯೋ ನೀರೋ, ಎಷ್ಟು ಬಿಸಿಯಾಗುತ್ತದೆ, ಎಷ್ಟು ಉದ್ದ ಬೇಕು, ಎಲ್ಲೆಲ್ಲಿ ಬಾಗಬೇಕು, ಹಳೆಯ ತುಂಡು ಎಲ್ಲಿ, ಇಷ್ಟಕ್ಕೂ ಉತ್ತರ ಕೊಡಬೇಕು. ತಡವರಿಸಿದವನನ್ನು ವಾಪಸ್ ಅಟ್ಟುತ್ತಾರೆ. "ಹೊರಗಿನ ದಪ್ಪ ನೋಡ್ಬೇಡ, ಒಳಗಿನ ತೂತಿನ ಅಳತೆ ತಗೊಂಡು ಬಾ. ಎಣ್ಣೆ ಹೋಗೋದು ಒಳಗೆ, ರಬ್ಬರಿನ ಮೇಲಲ್ಲ." ಗಿರಾಕಿಯನ್ನು ಹೀಗೆ ಗದರಿಸಿಕೊಂಡೇ ಹದಿನೆಂಟು ವರ್ಷ ಅಂಗಡಿ ನಡೆಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂಗಡಿ ಎಂದರೆ ಒಂದೇ ಕೋಣೆ. ಗೋಡೆಯ ಗೂಟಗಳಿಗೆ ಸುರುಳಿ ಸುತ್ತಿದ ಹೋಸುಗಳು, ಮಧ್ಯದಲ್ಲಿ ಅವುಗಳ ತುದಿಗೆ ಲೋಹದ ಬಾಯಿ ಒತ್ತಿ ಕೂರಿಸುವ ಯಂತ್ರ, ಮೂಲೆಯಲ್ಲಿ ನನ್ನ ಅಣ್ಣ ಕುಳಿತು ಊಟ ಮಾಡುವ ಸ್ಟೂಲು. ಅಣ್ಣ ಮಾತು ಕಡಿಮೆ. ಆ ಮನೆಯಲ್ಲಿ ಅವನ ಪಾಲಿನ ಮಾತನ್ನೂ ಅತ್ತಿಗೆಯೇ ಆಡಿ ಮುಗಿಸಿರುತ್ತಾರೆ. ಮೇಜಿನ ಮೇಲೆ ಒಂದು ತಗಡಿನ ಡಬ್ಬಿ, ಅದರ ತುಂಬ ಬೇರೆ ಬೇರೆ ಗಾತ್ರದ ಉಕ್ಕಿನ ಗೋಲಿಗಳು. ಹೋಸು ಸಿದ್ಧವಾದ ಮೇಲೆ ಅದರೊಳಗೆ ಗೋಲಿ ಬಿಡುತ್ತಾರೆ. ಆ ತುದಿಯಿಂದ ಹೊರಬಂದರೆ ಮಾತ್ರ ಹೋಸು ಅಂಗಡಿಯ ಹೊಸಿಲು ದಾಟುವುದು. ಬೀದಿಯವರು ಬೆನ್ನ ಹಿಂದೆ "ಗೋಲಿ ಮೇಡಂ" ಅನ್ನುತ್ತಾರೆ. ಬೆನ್ನಿಗೂ ಕಿವಿ ಇರುವ ಹೆಂಗಸು, ಎಲ್ಲವೂ ಗೊತ್ತು.

ಈ ಗೋಲಿಯ ಹುಚ್ಚು ಹತ್ತಿದ್ದು ಅಂಗಡಿ ತೆರೆದ ಮೊದಲ ವರ್ಷ. ಒಬ್ಬ ಟ್ರ್ಯಾಕ್ಟರಿಗೆಂದು ಹೋಸು ಒಯ್ದಿದ್ದ. ಒಳಗಿನ ರಬ್ಬರು ಒಂದು ಕಡೆ ಸುಲಿದು ದಾರಿಗೆ ಅಡ್ಡ ನಿಂತಿತ್ತು. ಹೊರಗಿನಿಂದ ಕಾಣುವಂಥದ್ದಲ್ಲ. ಎಣ್ಣೆ ಸಾಲದೆ ಇಂಜಿನ್ ಹಿಡಿದುಕೊಂಡು ಕೆಟ್ಟುಹೋಯಿತು. ಸುದ್ದಿ ಯಾರಿಂದಲೋ ಬಂತು, ಆ ಮನುಷ್ಯ ಬರಲೇ ಇಲ್ಲ. "ಬಂದು ನಾಲ್ಕು ಬೈದಿದ್ರೆ ಸರಿಹೋಗ್ತಿತ್ತು ಕಣೋ" ಎಂದು ಅತ್ತಿಗೆ ಈಗಲೂ ಹೇಳುತ್ತಾರೆ. "ಸುಮ್ನಿದ್ದುಬಿಟ್ನಲ್ಲ, ಅದು ತಡೆಯೋಕಾಗಲ್ಲ."

ನಾನು ಆಸ್ಪತ್ರೆಯ ವ್ಯಾನ್ ಓಡಿಸುವವನು. ವಾರಕ್ಕೆ ಮೂರು ದಿನ, ಮೂತ್ರಪಿಂಡ ಕೈಕೊಟ್ಟ ಆರು ಜನರನ್ನು ಗುಡ್ಡದ ಆಚೆ ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಮುಟ್ಟಿಸಬೇಕು. ಒಂದು ಸರದಿ ತಪ್ಪಿದರೆ ಅವರ ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ಆ ವ್ಯಾನಿನಲ್ಲಿ ಇಂಜಿನ್ ಎಣ್ಣೆ ತಣಿಸುವ ಕೂಲರ್ ಮುಂದಿನ ಬಂಪರಿನ ಕೆಳಗಿತ್ತು. ಎರಡು ಸಲ ಕಲ್ಲು ಬಡಿದು ಸೋರಿತು. ನಮ್ಮ ಮೆಕ್ಯಾನಿಕ್ ಅದನ್ನು ಕಿತ್ತು, ಹಿಂದಿನ ಚಕ್ರದ ಮುಂದೆ ಫ್ಯಾನ್ ಸಮೇತ ಕೂರಿಸಿದ. ಅವನು ಏನು ಕೇಳಿದರೂ "ಆಯ್ತು ಬಿಡಿ" ಅನ್ನುತ್ತಾನೆ, ಹೆಸರೂ ಅದೇ ಆಗಿಹೋಗಿದೆ. ಎರಡಡಿಯ ಹೋಸಿದ್ದ ಜಾಗಕ್ಕೆ ಅದೇ ದಪ್ಪದ್ದನ್ನು ಹನ್ನೊಂದು ಅಡಿ ಎಳೆದ. ಶನಿವಾರ ಏರಿನಲ್ಲಿ ಎಣ್ಣೆಯ ಕೆಂಪು ದೀಪ ಮಿಣುಕತೊಡಗಿತು. ಮುಂದಿನ ಸರದಿ ಮಂಗಳವಾರ ಬೆಳಗ್ಗೆ, ಬೇರೆ ವ್ಯಾನಿಲ್ಲ.

ಸೋಮವಾರ ಮಧ್ಯಾಹ್ನ ಅತ್ತಿಗೆಯೇ ಗ್ಯಾರೇಜಿಗೆ ಬಂದರು.

"ಯಾಕಪ್ಪಾ, ಎರಡಡಿ ಓಡೋದೂ ಹನ್ನೊಂದಡಿ ಓಡೋದೂ ಒಂದೇನಾ? ಬೆಳಗ್ಗೆ ತಣ್ಣಗಿರೋ ಎಣ್ಣೆ ಜೇನುತುಪ್ಪ ಇದ್ದಂಗಿರತ್ತೆ. ಹದಿನಾರು ಮಿಲಿಮೀಟರ್ ತೂತಿರೋದು ಹಾಕ್ಬೇಕು."

"ಹಂಗಾದ್ರೆ ಇಪ್ಪತ್ತೈದೇ ಹಾಕೋಣ ಬಿಡಿ," ಎಂದ ಆಯ್ತು ಬಿಡಿ, ಕೊಂಕಾಗಿ.

"ಅದು ಈ ಜಾಗದಲ್ಲಿ ಬಾಗಲ್ಲ. ಬಾಗಿಸಿದ್ರೆ ಮಡಚಿಕೊಳ್ಳತ್ತೆ. ದೊಡ್ಡದೆಲ್ಲಾ ಒಳ್ಳೇದು ಅಂತ ಯಾರು ಹೇಳಿದ್ದು ನಿಂಗೆ?"

ಇಂಜಿನ್ನಿನಿಂದ ಎಣ್ಣೆ ಹೊರಬರುವ ತೂತನ್ನು ಅಳೆದರು. ಹದಿಮೂರು ಮಿಲಿಗಿಂತ ಒಂದು ಕೂದಲು ಜಾಸ್ತಿ. ಮುಂದಿನ ದಾರಿ ಎಲ್ಲೂ ಅದಕ್ಕಿಂತ ಕಿರಿದಾಗಬಾರದೆಂದು, ತಂದಿದ್ದ ಡಬ್ಬಿಯಿಂದ ಹದಿಮೂರರ ಗೋಲಿ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರು. ಹೋಗುವುದಕ್ಕೊಂದು, ಬರುವುದಕ್ಕೊಂದು ಹೋಸು. ಕೂಲರ್ ಬಾಯಿಗಳು ಪಕ್ಕಕ್ಕೆ ತಿರುಗಿದ್ದರಿಂದ ಎರಡಕ್ಕೂ ತುದಿಯಲ್ಲಿ ಒಂದೊಂದು ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಲೋಹದ ತುಂಡು. ನಾಲ್ಕು ಗಂಟೆಗೆ ಎರಡೂ ಸಿದ್ಧ. ನಾನು ಬೋಲ್ಟು ಕೈಯಲ್ಲಿ ಹಿಡಿದು ತುದಿಗಾಲಲ್ಲಿ ನಿಂತಿದ್ದೆ.

ಅತ್ತಿಗೆ ಹೋಸನ್ನು ಎತ್ತಿ ಹಿಡಿದು ಗೋಲಿ ಬಿಟ್ಟರು. ಸರಸರ ಉರುಳಿದ ಸದ್ದು, ಆಮೇಲೆ "ಟಕ್". ಹೊರಗೆ ಬರಲಿಲ್ಲ. ಇನ್ನೊಂದರಲ್ಲೂ ಹಾಗೇ.

"ಎಣ್ಣೆಗೆ ಗೋಲಿಯಷ್ಟು ಜಾಗ ಯಾಕೆ ಬೇಕು, ಹೋಗತ್ತೆ ಬಿಡಿ," ಎಂದ ಮೆಕ್ಯಾನಿಕ್. ಸುಳ್ಳು ಹೇಳಿ ಏನು ಪ್ರಯೋಜನ, ನನಗೂ ತಲೆ ಕೆಟ್ಟಿತ್ತು. "ಅತ್ತಿಗೆ, ನಾಳೆ ಆರು ಜನ ಕಾಯ್ತಿರ್ತಾರೆ. ನಿಮ್ಮ ಗೋಲಿಯಾಟ ಸಾಕು" ಎಂದುಬಿಟ್ಟೆ.

"ಆರು ಜನ ಇರೋದಕ್ಕೇ ಆಡ್ತಿರೋದು," ಎಂದರು, ತಲೆ ಎತ್ತದೆ.

ಎಲ್ಬೋ ಬಿಚ್ಚಿ ಬೆಳಕಿಗೆ ಹಿಡಿದರು. ಎರಡೂ ತುದಿಯ ಬಾಯಿ ಅಗಲ, ತಿರುಪು ನೆಟ್ಟಗೆ ಕೂರುತ್ತದೆ. ತಿರುವಿನಲ್ಲಿ ಮಾತ್ರ ಕೊರೆದವನು ಕೈ ಬಿಗಿ ಹಿಡಿದಿದ್ದ, ಒಂಬತ್ತು ಮಿಲಿಯೂ ಇಲ್ಲ. ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಅದು ಅವರದೇ ಅಂಗಡಿಯ ಮಾಲು, ಹೊಸ ಪೆಟ್ಟಿಗೆಯದ್ದು. ಹೋಸಿಲ್ಲದೆ ಬಿಡಿಯಾಗಿ ಒಯ್ದವರಿಗೆ ಗೋಲಿಯ ಪರೀಕ್ಷೆ ಇರಲಿಲ್ಲ. ಆ ಪೆಟ್ಟಿಗೆಯಿಂದ ಹಾಗೆ ಒಂಬತ್ತು ಎಲ್ಬೋ ಒಂಬತ್ತು ಗಿರಾಕಿಗಳಿಗೆ ಹೋಗಿದ್ದವು.

ಆಮೇಲೆ ವ್ಯಾನಿನ ಕೆಳಗೆ ಬಗ್ಗಿ ನೋಡಿದರು. "ಎಲ್ಬೋನೇ ಬೇಡ. ಹೋಸನ್ನ ತಿರುಗಿಸೋ ಬದಲು ಕೂಲರನ್ನೇ ತಿರುಗಿಸು. ಬಾಯಿ ಎರಡೂ ಮುಂದಕ್ಕೆ ನೋಡಲಿ. ಹೋಸು ನೇರ ಹೋಗಿ ಕೂತ್ಕೊಳ್ಳತ್ತೆ."

"ಕೂಲರ್ ಹಿಡಿಯೋ ಬ್ರಾಕೆಟ್ ವೆಲ್ಡ್ ಮಾಡಿದೀನಲ್ಲ!"

"ಕತ್ತರಿಸು."

ಅವನು ಮುಖ ಊದಿಸಿಕೊಂಡೇ ಕತ್ತರಿಸಿದ. ಅತ್ತಿಗೆ ಅಂಗಡಿಗೆ ಓಡಿಹೋಗಿ ಹೋಸುಗಳಿಗೆ ನೇರ ತುದಿಗಳನ್ನು ಒತ್ತಿಕೊಂಡು ಬಂದರು. ಈ ಸಲ ಗೋಲಿ ಸರಸರ ಉರುಳಿ ನನ್ನ ಅಂಗೈಗೆ ಬಿತ್ತು.

ಮಂಗಳವಾರ ಬೆಳಗ್ಗೆ ಆರು ಜನರ ಜೊತೆ ಏಳನೆಯವರಾಗಿ ಅತ್ತಿಗೆಯೂ ಹತ್ತಿದರು. ಗುಡ್ಡ ಏರಿ ಇಳಿಯುವವರೆಗೂ ಕೆಂಪು ದೀಪದ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತರು. ಅದು ಒಮ್ಮೆಯೂ ಹತ್ತಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಇಳಿದ ಅತ್ತಿಗೆ ವಾಪಸ್ ಹತ್ತಲಿಲ್ಲ. ಕೈಚೀಲದಲ್ಲಿ ಪೆಟ್ಟಿಗೆಯ ಮುಚ್ಚಳವಿತ್ತು. ಯಾವ ಎಲ್ಬೋ ಯಾವ ಗಾಡಿಗೆ ಹೋಯಿತೆಂದು ಅದರ ಮೇಲೆ ಬರೆದಿಟ್ಟುಕೊಳ್ಳುವುದು ಅವರ ರೂಢಿ. "ಎರಡು ಈ ಊರಲ್ಲೇ ಇವೆ, ನೀನು ಹೋಗು" ಎಂದರು.

ಮೂರು ದಿನ ಅಂಗಡಿ ಮುಚ್ಚಿತ್ತು. ಬಸ್ಸು, ಆಟೊ, ಕೊನೆಗೆ ನಡಿಗೆ. ಒಬ್ಬೊಬ್ಬರ ಬಾಗಿಲಿಗೂ ಹೋಗಿ ತಮ್ಮ ತಪ್ಪು ಹೇಳಿ, ಬೇರೆ ಅಂಗಡಿಯಲ್ಲಿ ಕೊಂಡ ಎಲ್ಬೋದಲ್ಲಿ ಗೋಲಿ ಉರುಳಿಸಿ ತೋರಿಸಿ, ಹಾಕಿಸಿ ಬಂದರು. ಎಂಟು ಜನ ಪರವಾಗಿಲ್ಲ ಎಂದು ನೀರು ಕೊಟ್ಟು ಕಳಿಸಿದರಂತೆ.

ಶುಕ್ರವಾರ ಸಂಜೆ ನಾನು ಹೋದಾಗ ಅತ್ತಿಗೆ ಅಣ್ಣನ ಸ್ಟೂಲಿನ ಮೇಲೆ ಕುಳಿತು ಊಟ ಮಾಡುತ್ತಿದ್ದರು. ಅಣ್ಣ ಬಡಿಸುತ್ತಿದ್ದ. ಅತ್ತಿಗೆಯ ಕಾಲು ಊದಿತ್ತು, ಮುಖ ಮಾತ್ರ ಅರಳಿತ್ತು.

"ಒಂಬತ್ತನೆಯವನು ಸಿಕ್ಕಿದ ಕಣೋ. ಕಲ್ಲು ಒಡೆಯೋ ಯಂತ್ರದವನು. ಇಂಜಿನ್ ಆಗಲೇ ಬಿಸಿಯಾಗೋಕೆ ಶುರುವಾಗಿತ್ತಂತೆ. ಅರ್ಧ ಗಂಟೆ ಬೈದ, ಆಳುಗಳ ಮುಂದೆ ನಿಲ್ಲಿಸ್ಕೊಂಡು."

"ನೀವೇನಂದ್ರಿ?"

"ಇನ್ನೂ ಬೈಯಪ್ಪಾ ಅಂದೆ." ನಗುತ್ತಲೇ ಕಣ್ಣು ಒರೆಸಿಕೊಂಡರು. "ಆ ಟ್ರ್ಯಾಕ್ಟರಿನವನು ಬರಲಿಲ್ಲವಲ್ಲ, ಹದಿನೆಂಟು ವರ್ಷದಿಂದ ಕಾಯ್ತಿದ್ದೆ ಇದನ್ನ ಕೇಳೋಕೆ."

ಅಣ್ಣ ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದ.