ಅರಿಶಿನದ ಮೂಲೆ

ಅಂದು ಬಾಣ ಬಿಡುವಾಗ ನನ್ನ ಗುರುಗಳು ಕಣ್ಣು ಮುಚ್ಚಿದ್ದರೋ ಇಲ್ಲವೋ, ಈಗ ಖಾತ್ರಿಯಿಲ್ಲ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಅವರು ಚಾಮರಾಜಪೇಟೆಯ ಹಿತ್ತಲೊಂದರಲ್ಲಿ ನನಗೆ ಬಿದಿರುಬಿಲ್ಲು ಕಲಿಸುತ್ತಿದ್ದರು. ಹುಲ್ಲಿನ ಮೂಟೆಗೆ ಸಿಕ್ಕಿಸಿದ, ಮೂಲೆಗಳಿಗೆ ಅರಿಶಿನ ಹಚ್ಚಿದ ಪತ್ರಿಕೆಯೇ ಗುರಿ. ಮೂರು ತಿಂಗಳಾದರೂ ನನ್ನ ಬಾಣಗಳು ಎಡಕ್ಕೇ ಹೋಗುತ್ತಿದ್ದವು.

“ಇವತ್ತಿಗೆ ಕಲಿಯೋದು ಬಿಟ್ಬಿಡ್ತೀನಿ,” ಎಂದೆ.

“ಬಿಡೋದೇ ನಿಮ್ ತೊಂದ್ರೆ ಸಾರ್. ಬೆರಳು ಸಡಿಲ ಮಾಡಿ, ಬಾಣ ತಾನೇ ಹೋಗತ್ತೆ,” ಎಂದು ದಿನವೂ ಹೇಳುವುದನ್ನೇ ಹೇಳಿದರು. “ಮೇಲಿನ ಬಲಮೂಲೆ ನೋಡ್ತಿರಿ.”

ಬಿಲ್ಲೆಳೆದು, ನನ್ನ ನೆನಪಿನಂತೆ ಕಣ್ಣು ಮುಚ್ಚಿ, ಬೆರಳು ಸಡಿಲಿಸಿದರು. ಕೈ ಕದಲಲಿಲ್ಲ, ಬಾಣ ಮಾತ್ರ ಅಲ್ಲಿರಲಿಲ್ಲ.

ಮರುದಿನವೂ ಕಲಿಯಲು ಹೋದೆ.

ಅಂದು ಕೇಳಿ ಪಡೆದ ಆ ಪತ್ರಿಕೆಯನ್ನು ಮೊನ್ನೆ ಹುಡುಕಿ ನೋಡಿದೆ. ಒಂದೇ ತೂತಿದೆ, ಮೇಲಿನ ಬಲಮೂಲೆಯ ಅರಿಶಿನದ ನಡುವೆ.