ಒಂಬತ್ತನೇ ಸಾಲು

ಅಜ್ಜಿಯ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ವರ್ಷವರ್ಷವೂ ಅವರೆಕಾಯಿ ಸುಲಿದು ಸುಲಿದು ಆದ ಸೀಳು. ಅದೇ ಉಗುರಿನಿಂದ ಒಂದೊಂದು ಬೀಜವನ್ನೂ ತಿರುಗಿಸಿ ನೋಡುತ್ತಿದ್ದಳು. ಹುಳುಕು ಕೋಳಿಗೆ, ಗಟ್ಟಿಯದು ಬೂದಿ ಬೆರೆಸಿ ಮಡಕೆಗೆ. ನಮ್ಮೂರು ಸಾಸಲಿನಲ್ಲಿ ನಮ್ಮ ಪಕ್ಕದ ಮನೆಯವಳು, ಊರಿಗೆಲ್ಲ ಬೀಜದಜ್ಜಿ.

ನಾನು ಗಾರ್ಮೆಂಟ್ಸ್ ಕೆಲಸ ಬಿಟ್ಟು ಗಾಜಿನ ಮಣಿ ಮಾಡಲು ಕೂತವಳು. ಗಾಜಿನ ಕಡ್ಡಿಯನ್ನು ಉರಿಯಲ್ಲಿ ಕರಗಿಸಿ, ಕಂಬಿಗೆ ಸುತ್ತಿ, ಬಿಸಿ ಬೂದಿಯಲ್ಲಿ ಹೂತಿಟ್ಟು ನಿಧಾನಕ್ಕೆ ಆರಿಸಬೇಕು. ಅವಸರಪಟ್ಟರೆ ಮಣಿಗಳು ಟಪ್ ಅಂತ ಸೀಳುತ್ತವೆ. ಆ ಬೂದಿಯೂ ಅಜ್ಜಿಯ ಒಲೆಯದೇ. ಮಣಿ ಮಾಡುವುದೇನೋ ಬಂತು, ಸರ ಮಾಡುವುದು ಬರಲಿಲ್ಲ. ಫೋನಿನಲ್ಲಿ ನೋಡಿದ್ದನ್ನೇ ಕದ್ದು ಪೋಣಿಸುತ್ತಿದ್ದೆ. ಬೆಂಗಳೂರಿನ ಅಂಗಡಿಯಾಕೆ ಒಂದು ದಿನ ನನ್ನ ಡಬ್ಬಿ ಮುಚ್ಚಿ ವಾಪಸ್ ಕೊಟ್ಟಳು. ಇಂಥವು ಎಲ್ಲ ಕಡೆ ಸಿಗುತ್ತವೆ, ನಿಮ್ಮದೇ ಅನ್ನುವಂಥದ್ದು ಇದ್ದರೆ ಮುಂದಿನ ಸೋಮವಾರ ತನ್ನಿ, ಇಲ್ಲದಿದ್ದರೆ ಬೇಡ ಅಂದಳು. ಹೊಟ್ಟೆ ಉರಿದುಹೋಯಿತು. ಅವಳಂದದ್ದು ನಿಜ ಅಂತ ಗೊತ್ತಿದ್ದಕ್ಕೇ ಇನ್ನೂ ಉರಿಯಿತು. ಸೋಮವಾರ ಆಗದಿದ್ದರೆ ಮತ್ತೆ ಗಾರ್ಮೆಂಟ್ಸ್ ಗೇಟಿಗೇ ಹೋಗ್ತೀನಿ ಅಂತ ಮನೆಯಲ್ಲಿ ಹೇಳಿಯೂಬಿಟ್ಟೆ.

ಅಜ್ಜಿಯ ಜಗಲಿ ಮೇಲೆ ಕೂತು ಗೋಳಾಡಿದೆ. ಸಮಾಧಾನ ಹೇಳುವ ಪೈಕಿ ಅಲ್ಲ ಅವಳು. ಬೀಜದ ಮೊರವನ್ನು ನನ್ನ ಮಡಿಲಿಗೆ ತಳ್ಳಿ, ಕಲ್ಲು ಆರಿಸು ಅಂದಳು. ಆರಿಸುತ್ತ ಆರಿಸುತ್ತ ಕಣ್ಣು ಅಲ್ಲೇ ನೆಟ್ಟಿತು. ಅವರೆಯ ಬಿಳಿ ಮೂಗು, ಅಲಸಂದೆಯ ಕಪ್ಪು ಕಣ್ಣು, ತೊಗರಿಯ ಕೆಂಪು. ಎದ್ದವಳೇ ಮೂರು ದಿನ ಕೂತು ಅವನ್ನೇ ಗಾಜಿನಲ್ಲಿ ಮಾಡಿದೆ. ಒಂದಷ್ಟು ಪೋಣಿಸಿ ನೋಡಿದರೆ, ಥೂ, ದಿನಸಿ ಅಂಗಡಿಯ ಚೀಲ ಹರಿದು ಚೆಲ್ಲಿದ ಹಾಗಿತ್ತು. ಸಿಟ್ಟಿಗೆ ದಾರ ಕಿತ್ತು, ಎಲ್ಲವನ್ನೂ ನಾನು ಬೂದಿ ತಂದಿದ್ದ ಅಜ್ಜಿಯ ಮೊರಕ್ಕೇ ಸುರಿದು, ಮೊರವನ್ನು ಅವಳ ಜಗಲಿ ಮೇಲೆ ಬಿಸಾಕಿ ಬಂದೆ.

ಬೆಳಗ್ಗೆ ತಡವಾಗಿ ಎದ್ದು ನೋಡಿದರೆ ಮೊರ ಖಾಲಿ. ಬೆಳಕು ಹರಿಯುವ ಮೊದಲೇ ಬಿತ್ತನೆಗೆ ಹೋದರು ಅಂದಳು ಅಜ್ಜಿಯ ಸೊಸೆ. ಹಿಂದಿನ ದಿನ ಹದವಾದ ಮಳೆಯಾಗಿತ್ತು. ಈಚೆಗೆ ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿ, ಬೂದಿ ಮೆತ್ತಿದ ನನ್ನ ಮಣಿಗಳನ್ನು ಬೂದಿ ಮೆತ್ತಿದ ತನ್ನ ಬೀಜ ಅಂದುಕೊಂಡು, ಕೂರಿಗೆಯ ಹಿಂದೆ ನಡೆಯುತ್ತ ರಾಗಿ ಹೊಲದಲ್ಲಿ ಬಿತ್ತಿಬಿಟ್ಟಿದ್ದಳು. ನಾಳೆಯೇ ಸೋಮವಾರ.

ಹೊಲಕ್ಕೆ ಓಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಜ್ಜಿ ಎಲ್ಲ ಕೇಳಿಸಿಕೊಂಡು ಸೀರೆ ಎತ್ತಿ ಕಟ್ಟಿದಳು. "ಅಕ್ಕಡಿ ಸಾಲಲ್ಲಿ ಮಾತ್ರ ಹಾಕಿರೋದು ಕಣವ್ವ. ಎಂಟು ಸಾಲು ರಾಗಿ ದಾಟು, ಒಂಬತ್ನೇದ್ರಲ್ಲಿ ಹುಡುಕು. ರಾಗಿ ತುಳಿದೀಯಾ, ಹುಷಾರು."

ಅಕ್ಕಡಿ ಅಂದರೆ ರಾಗಿಯ ನಡುನಡುವೆ ಅವರೆ, ತೊಗರಿ ಬೀಳುವ ಸಾಲು. ಇಬ್ಬರೂ ದಾಟಿದೆವು, ಕೂತೆವು, ಕೆದಕಿದೆವು. ಎಂಟು ದಾಟು, ಒಂದರಲ್ಲಿ ಕೂರು. ಮಧ್ಯಾಹ್ನದ ಹೊತ್ತಿಗೆ ಬಾಯಿ ಎಣಿಸುವುದು ಬಿಟ್ಟು ಕಾಲೇ ಎಣಿಸುತ್ತಿತ್ತು. ಕೊನೆಯ ಸಾಲಿನ ಹತ್ತಿರ ಎದ್ದು ಹಿಂತಿರುಗಿ ಹೊಲ ನೋಡಿದೆ. ಎಂಟು ರಾಗಿ, ಒಂದು ಅವರೆ. ಎಂಟು ರಾಗಿ, ಒಂದು ತೊಗರಿ. ನನ್ನ ಸರ ಕಾಲಡಿಯಲ್ಲೇ ಇತ್ತು.

ಅಜ್ಜಿಗೆ ಹೇಳಿದರೆ ನನ್ನನ್ನೇ ಬೈದಳು. "ಎಲ್ಲಾನೂ ಒಟ್ಟಿಗೆ ತುರುಕಿದ್ರೆ ಯಾವ್ದೂ ಎದ್ದು ಬರಲ್ಲ. ರೈತರ ಮನೆ ಹೆಣ್ಣಾಗಿ ಇಷ್ಟು ಗೊತ್ತಿಲ್ವಾ ನಿಂಗೆ?"

ಮೂರು ಮಣಿ ಸಿಗಲೇ ಇಲ್ಲ. ಮೊಳೆತರೆ ಅರ್ಧ ಪಾಲು ಇವಳಿಗೆ ಅಂತ ಅಜ್ಜಿ ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಹೇಳಿ ನಗಿಸಿದಳು.

ರಾಗಿ ಬಣ್ಣದ ಸಣ್ಣ ಮಣಿಗಳು ನನ್ನ ಹತ್ತಿರ ಮೊದಲೇ ಇದ್ದವು. ಸೋಮವಾರ ಅಂಗಡಿಯಾಕೆ ಸರವನ್ನು ಎರಡು ಸಲ ಬೆರಳಲ್ಲಿ ಓಡಿಸಿ, ಇದು ಯಾರ ಡಿಸೈನ್ ಅಂತ ಕೇಳಿದಳು. ನಮ್ಮಜ್ಜಿದು ಅಂದೆ. ಆಮೇಲೆ ಗಾರ್ಮೆಂಟ್ಸ್ ಗೇಟಿನ ಕಡೆ ತಲೆ ಹಾಕಲಿಲ್ಲ. ಎರಡನೇ ಸರ ಅಜ್ಜಿಯ ಕೊರಳಿಗೆ ಹೋಯಿತು. ಅದನ್ನು ಹಾಕಿಕೊಂಡೇ ಕಳೆ ಕೀಳಲು ಹೋಗುತ್ತಿದ್ದಳು.

ಹೋದ ಸುಗ್ಗಿಯಲ್ಲಿ ಅಜ್ಜಿ ತೀರಿಕೊಂಡಳು. ಈ ಸಲ ಹೊಲ ಉಳುವಾಗ ಅವಳ ಸೊಸೆಗೆ ಒಂದು ಮಣಿ ಸಿಕ್ಕಿತು. ಸೆರಗಿನಲ್ಲಿ ಒರೆಸಿ ತಂದುಕೊಟ್ಟಳು. ಅಲಸಂದೆ ಮಣಿ, ಕಪ್ಪು ಕಣ್ಣು ಹಾಗೇ ಇತ್ತು. ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟೆ. ಡಬ್ಬಿಗೆ ಹಾಕಲು ಮನಸ್ಸು ಬರಲಿಲ್ಲ. ಬಿತ್ತನೆಯ ದಿನ ಕೂರಿಗೆಯ ಹಿಂದೆ ಹೋಗಿ, ರಾಗಿ ತುಳಿಯದೆ ಎಂಟು ಸಾಲು ದಾಟಿ, ಒಂಬತ್ತನೆಯದರಲ್ಲಿ ಅದನ್ನು ಬಿಟ್ಟು ಮಣ್ಣು ಮುಚ್ಚಿ ಬಂದೆ.